ಆ ಸಿರವಾರದ ರೈತ ಪ್ರಬಂಧದಲ್ಲಿ ಯಾಕಿಲ್ಲ?

ನಿನ್ನೆ ರಾಯಚೂರಿನಲ್ಲಿ ಒಂದು ಪಿಎಚ್‌ಡಿ ಸೆಮಿನಾರಿಗೆ ಹೋಗಿದ್ದೆ. ಮನೆಗೆ ಬಂದು ಊಟ ಮಾಡಿದ ಮೇಲೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿ ಪ್ರಬಂಧ ಮಂಡಿಸಿದ ಹುಡುಗನ ವಿಷಯ ತುಂಗಭದ್ರಾ ಎಡದಂಡೆ ಕಾಲುವೆಯ ಟೇಲೆಂಡ್ ರೈತರು, ಅಂದರೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರುವವರು. ಒಳ್ಳೆಯ ವಿಷಯ. ಮಾನ್ವಿ, ಸಿರವಾರ ಕಡೆ ಊರೂರು ತಿರುಗಿದ್ದಾನೆ. ರೈತರನ್ನು, ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ಮಾತಾಡಿಸಿದ್ದಾನೆ. ಎಲ್ಲಾ ರೆಕಾರ್ಡ್ ಮಾಡಿ, ಕೇಳಿ ಕೇಳಿ ಬರೆದಿಟ್ಟಿದ್ದಾನೆ. ಒಂದು ತಾಸಿನ ಮಾತು ಬರೆದುಕೊಳ್ಳೋಕೆ ನಾಲ್ಕೈದು ತಾಸು ಹಿಡಿಯುತ್ತದೆ, ಮಾಡಿದವರಿಗೆ ಗೊತ್ತು. ಇಷ್ಟೆಲ್ಲಾ ಆದಮೇಲೆ ಪರದೆ ಮೇಲೆ ಬಂದ ಥೀಮ್‌ಗಳು, ಅಂದರೆ ಜನರ ಮಾತಿನಲ್ಲಿ ಅವನು ಕಂಡುಕೊಂಡ ಮುಖ್ಯ ಎಳೆಗಳು, ಯಾವುವು? ಆರ್ಥಿಕ ಸಮಸ್ಯೆಗಳು. ಸಾಮಾಜಿಕ ಸಮಸ್ಯೆಗಳು. ರಾಜಕೀಯ ಸಮಸ್ಯೆಗಳು. ಸರ್ಕಾರಕ್ಕೆ ಸಲಹೆಗಳು. ಅವನ ಪ್ರಶ್ನೆಗಳ ಪಟ್ಟಿ ಇಸಿದುಕೊಂಡು ನೋಡಿದೆ. ಅದರ ನಾಲ್ಕು ಭಾಗಗಳೂ ಇವೇ!

ಈ ನಾಲ್ಕು ಹೆಸರು ಬರೆಯೋಕೆ ಊರಿಗೆ ಹೋಗಬೇಕಾಗಿಯೇ ಇರಲಿಲ್ಲ ಅಲ್ವಾ? ಹೊರಡುವ ಮುಂಚೆಯೇ ಬರೆದಿದ್ದವು. ಜನ ಬಾಯಿ ಬಿಟ್ಟು ಹೇಳಿದ್ದರಿಂದ ಒಂದು ಅಕ್ಷರವೂ ಬದಲಾಗಲಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೋಡಿಂಗ್, ಅಂದರೆ ಜನರ ಮಾತನ್ನು ಸಾಲು ಸಾಲಾಗಿ ಓದಿ ಅದರ ಅರ್ಥಕ್ಕೊಂದು ಹೆಸರು ಕೊಡೋದು, ಹೇಗೆ ಅಂತ ಅವನಿಗೆ ಯಾರೂ ಕೂರಿಸಿಕೊಂಡು ತೋರಿಸಿಲ್ಲ. ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಾರೆ, ಸಾಲುಗಳಿಗೆ ಬಣ್ಣ ಹಚ್ಚೋದು ಹೇಳಿಕೊಟ್ಟಿದ್ದಾರೆ. ಓದೋದು ಹೇಳಿಕೊಟ್ಟಿಲ್ಲ. ಎನ್‌ವಿವೊ ಆಗಲಿ, ಅಟ್ಲಾಸ್ ಆಗಲಿ, ಈ ಸಾಫ್ಟ್‌ವೇರ್‌ಗಳು ನೀವು ಗುರುತು ಮಾಡಿದ ಸಾಲುಗಳನ್ನು ಜೋಡಿಸಿ ಕೊಡುತ್ತವೆ. ಯಾವ ಸಾಲಿಗೆ ಯಾಕೆ ಗುರುತು ಅನ್ನೋದನ್ನು ನೀವೇ ಯೋಚಿಸಬೇಕು.

ಇದೇನು ನಾನೊಬ್ಬನೇ ಹೇಳುವ ಮಾತಲ್ಲ. ವರ್ಜೀನಿಯಾ ಬ್ರೌನ್, ವಿಕ್ಟೋರಿಯಾ ಕ್ಲಾರ್ಕ್ ಇಬ್ಬರೂ ಸೇರಿ 2006ರಲ್ಲಿ ಥೀಮ್ಯಾಟಿಕ್ ಅನಾಲಿಸಿಸ್ (ಮಾತಿನಿಂದ ಥೀಮ್ ಹುಡುಕುವ ವಿಧಾನ) ಬಗ್ಗೆ ಬರೆದ ಲೇಖನವನ್ನು ಇವತ್ತು ಎಲ್ಲರೂ ಉಲ್ಲೇಖಿಸುತ್ತಾರೆ. ಈ ಹುಡುಗನೂ ಉಲ್ಲೇಖಿಸಿದ್ದಾನೆ. ಸಂದರ್ಶನದ ಪ್ರಶ್ನೆಗಳನ್ನೇ ಥೀಮ್ ಮಾಡಿಬಿಡೋದು ತಪ್ಪು ಅಂತ ಅದೇ ಲೇಖನದಲ್ಲಿ ಇದೆ. ಉಲ್ಲೇಖ ಮಾಡಿದವರು ಓದಬೇಕು, ಓದಿದ್ದಾರಾ ಅಂತ ಗೈಡ್ (ಪಿಎಚ್‌ಡಿ ಮಾರ್ಗದರ್ಶಕರು) ಕೇಳಬೇಕು.

ಚಹಾ ಹೊತ್ತಿಗೆ ಅವನ ಹತ್ತಿರ ಟ್ರಾನ್ಸ್‌ಕ್ರಿಪ್ಟ್, ಅಂದರೆ ರೆಕಾರ್ಡ್ ಕೇಳಿ ಬರೆದಿಟ್ಟ ಮಾತು, ಕೇಳಿ ತಗೊಂಡೆ. ಏನು ಮಾತು, ಏನು ಮಾತು! ಒಬ್ಬ ಹೇಳುತ್ತಾನೆ, "ರಾತ್ರಿ ಕಾಲುವಿ ಮ್ಯಾಲೇ ಮಲಗತೀವ್ರಿ, ಯಾರರ ತೂಬು ಮುಚ್ಚಿಬಿಟ್ಟರ?" ಒಬ್ಬ ಹೆಣ್ಣುಮಗಳು, "ನೀರು ಬರತದ ಅಂತ ಬೀಜ ತಂದಿಟ್ಟು ದಾರಿ ನೋಡೋದೇ ನಮ್ಮ ಒಕ್ಕಲುತನ" ಅನ್ನುತ್ತಾಳೆ. ಇನ್ನೊಬ್ಬ 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದನ್ನು ನೆನೆಸಿಕೊಂಡು, "ಆ ವರ್ಷ ಮ್ಯಾಲಿನವ್ರೂ ನಮ್ಮಂಗ ಅಂಜಿದ್ರು ನೋಡ್ರಿ" ಅನ್ನುತ್ತಾನೆ.

ಮೊದಲನೆಯದು ಸಾಮಾಜಿಕ, ಎರಡನೆಯದು ಆರ್ಥಿಕ, ಮೂರನೆಯದು ರಾಜಕೀಯ. ಹುಡುಗ ಹಾಗೆ ಹಂಚಿ ಇಟ್ಟಿದ್ದಾನೆ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ. ಮೂವರೂ ಒಂದೇ ವಿಷಯ ಹೇಳುತ್ತಿದ್ದಾರೆ. ನೀರು ಕಡಿಮೆ ಅನ್ನೋದಕ್ಕಿಂತ, ಯಾವಾಗ ಬರುತ್ತದೆ ಅನ್ನೋ ಖಾತ್ರಿ ಇಲ್ಲದಿರೋದು ಅವರನ್ನು ಹಣ್ಣು ಮಾಡಿದೆ. ಅದು ಥೀಮ್! ಸಾಲು ಸಾಲಾಗಿ ಓದಿ, ಒಂದರ ಜೊತೆ ಒಂದನ್ನು ಹೋಲಿಸಿದಾಗ ಸಿಗುವಂಥದ್ದು. ಸಮಾಜಶಾಸ್ತ್ರಜ್ಞರಾದ ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲೇ ಈ ಹೋಲಿಕೆಯ ಕೆಲಸವನ್ನು ತಮ್ಮ ಪದ್ಧತಿಯ ನಡುಮಧ್ಯೆ ಇಟ್ಟಿದ್ದರು. ಡಬ್ಬಿಗಳನ್ನು ಮೊದಲೇ ಮಾಡಿಟ್ಟುಕೊಂಡರೆ ಈ ಮೂವರು ಎಂದೂ ಒಬ್ಬರನ್ನೊಬ್ಬರು ಭೇಟಿ ಆಗೋದಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು. ಸಿರವಾರ ಕಡೆಯ ಒಬ್ಬ ವಯಸ್ಸಾದ ರೈತ, "ಕಾಲುವಿ ನಂಬಿದವರೇ ಕೆಟ್ಟರ್ರಿ, ನಾ ತೊಗರಿ ಹಾಕಿ ಆರಾಮ ಅದೀನಿ" ಅಂದಿದ್ದಾನೆ. ಪ್ರಬಂಧದಲ್ಲಿ ಅವನು ಇಲ್ಲವೇ ಇಲ್ಲ. ಯಾಕಪ್ಪಾ ಬಿಟ್ಟೆ ಅಂದರೆ, "ಸರ್, ಅವರದು ಯಾವುದಕ್ಕೂ ಹೊಂದಲಿಲ್ಲ" ಅಂದ. ಹೊಂದದವನನ್ನೇ ಅಲ್ವಾ ಹಿಡಿದುಕೊಂಡು ಕೂರಬೇಕಿದ್ದು? ತುಂಗಭದ್ರಾ ನೀರಾವರಿ ಯೋಜನೆ ಮಾಡಿದಾಗ ಬಹುಪಾಲು ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತಲೇ ಗೊತ್ತು ಮಾಡಿದ್ದರು. ಆಮೇಲೆ ಗಂಗಾವತಿ, ಸಿಂಧನೂರು ಎಲ್ಲಾ ನೆಲ್ಲಿನ (ಭತ್ತದ) ಗದ್ದೆ ಆಯಿತು. ನೆಲ್ಲಿನ ಆಸೆ ಇಟ್ಟುಕೊಳ್ಳದ ಒಬ್ಬ ಟೇಲೆಂಡ್ ರೈತ ಆರಾಮ ಇದ್ದಾನೆ ಅಂದರೆ, ಉಳಿದವರ ಮಾತನ್ನೆಲ್ಲಾ ಮತ್ತೆ ಮೊದಲಿಂದ ಓದಬೇಕಾಗುತ್ತದೆ. ಅವರ ಕಷ್ಟ ನೀರಿನದೋ, ಭರವಸೆಯದೋ? ಆ ಪ್ರಶ್ನೆ ಹುಟ್ಟಿಸುವ ಒಬ್ಬನೇ ಒಬ್ಬ ಮನುಷ್ಯನನ್ನು ಕಸ ಅಂತ ತೆಗೆದುಬಿಟ್ಟರು.

ನಮ್ಮದು ಟೇಲೆಂಡ್ ಹೊಲ ಅನ್ನೋದು ನಿಮಗೆಲ್ಲಾ ಗೊತ್ತೇ ಇದೆ. ಅಪ್ಪ ಬ್ಯಾಟರಿ ಹಿಡಿದು ಕಾಲುವೆಗೆ ಹೋದ ರಾತ್ರಿ ಅವ್ವ ಮಲಗುತ್ತಿರಲಿಲ್ಲ. ಅದನ್ನು "ಸಾಮಾಜಿಕ ಸಮಸ್ಯೆ" ಅಂತ ಯಾರಾದರೂ ಡಬ್ಬಿಗೆ ಹಾಕಿದರೆ ನನಗೆ ಉರಿಯುತ್ತದೆ. ಉರಿಯಲಿ.

ಪಕ್ಕದಲ್ಲಿದ್ದ ಒಬ್ಬ ಮೇಷ್ಟ್ರು ಸಮಾಧಾನ ಹೇಳಿದರು. ಟೈಮ್ ಇಲ್ಲ ಸರ್, ಫೆಲೋಶಿಪ್ ಮುಗಿಯುತ್ತಾ ಬಂತು, ಜೊತೆಗೆ ಪೇಪರ್ ಬೇರೆ ಹಾಕಬೇಕು. ನಿಜ, ಹುಡುಗರ ಕುತ್ತಿಗೆ ಮೇಲೆ ಕತ್ತಿ ಇದೆ. ಆದರೆ ಟೈಮ್ ಇಲ್ಲದಿದ್ದರೆ ಕಡಿಮೆ ಜನರನ್ನು ಮಾತಾಡಿಸಲಿ. ಹತ್ತು ಜನರ ಮಾತನ್ನು ಸರಿಯಾಗಿ ಓದಿದ ಪ್ರಬಂಧ, ಅರವತ್ತು ಜನರದ್ದನ್ನು ಡಬ್ಬಿಗೆ ತುಂಬಿದ ಪ್ರಬಂಧಕ್ಕಿಂತ ಸಾವಿರ ಪಾಲು ಮೇಲು. ಅದೇ ಮೇಷ್ಟ್ರು ಆಮೇಲೆ ಎದ್ದು ನಿಂತು, ಆರ್ಥಿಕ ಸಮಸ್ಯೆ ಶೇಕಡಾ ಎಷ್ಟು, ಪೈ ಚಾರ್ಟ್ ಹಾಕಿ ಅಂದರು. ಆರಿಸಿ ಆರಿಸಿ ಮಾತಾಡಿಸಿದ ಜನರ ಮೇಲೆ ಶೇಕಡಾ ಲೆಕ್ಕ ಹಾಕಿ ಏನು ಹೇಳುತ್ತೀರಿ? ಲೆಕ್ಕವೇ ಬೇಕಿದ್ದರೆ ಸರ್ವೆ ಮಾಡಿಸಬೇಕಿತ್ತು.

ಗೈಡ್ ಆಗಿರುವ ಸ್ನೇಹಿತರು ಇಲ್ಲಿ ಜಾಸ್ತಿ ಜನ ಇದ್ದೀರಿ. ಮುಂದಿನ ಸೆಮಿನಾರಿನಲ್ಲಿ ಥೀಮ್ ಪಟ್ಟಿ ನೋಡುವ ಮುಂಚೆ ಒಂದು ಟ್ರಾನ್ಸ್‌ಕ್ರಿಪ್ಟ್ ಕೇಳಿ ತರಿಸಿಕೊಳ್ಳಿ. ಮೆಮೊ, ಅಂದರೆ ಓದುತ್ತಾ ಹೊಳೆದದ್ದರ ಟಿಪ್ಪಣಿ, ಬರೆದಿದ್ದಾರಾ ನೋಡಿ. ಯಾರನ್ನು ಬಿಟ್ಟೆ, ಯಾಕೆ ಬಿಟ್ಟೆ ಅಂತ ಕೇಳಿ. ನಮ್ಮ ಹುಡುಗನಿಗೆ ಪ್ರಬಂಧ ಕೊಡೋಕೆ ಇನ್ನೂ ಟೈಮ್ ಇದೆ. ಭಾನುವಾರ ಪ್ರಿಂಟ್ ತಗೊಂಡು ಮನೆಗೆ ಬಾ ಅಂದಿದ್ದೇನೆ, ಆ ಸಿರವಾರದ ರೈತನಿಂದಲೇ ಶುರು ಮಾಡುತ್ತೇವೆ.