ಗುಟ್ಟಿನ ಅಂಗಡಿ

ಊರೂರು ತಿರುಗುವ ಜಾದೂಗಾರನಿಗೆ ಹೊಸ ಜಾದೂ ಕಲಿಯುವ ತಾಪತ್ರಯವಿಲ್ಲ. ಪ್ರೇಕ್ಷಕರೇ ಹೊಸಬರು. ನಿನ್ನೆಯ ಊರಲ್ಲಿ ಟೋಪಿಯಿಂದ ಎದ್ದುಬಂದ ಮೊಲ ಇವತ್ತಿನ ಊರಲ್ಲೂ ಅದೇ ಟೋಪಿಯಿಂದ, ಅದೇ ಬೇಸತ್ತ ಮುಖ ಹೊತ್ತು ಏಳುತ್ತದೆ. ಜನ ಹೊಸದಾಗಿ ಬಾಯಿ ಬಿಡುತ್ತಾರೆ. ಅದೇ ಮನುಷ್ಯ ತಿರುಗಾಟ ಸಾಕಾಗಿ ಮ್ಯಾಜಿಕ್ ಸಾಮಾನಿನ ಅಂಗಡಿ ಇಟ್ಟನೋ, ಲೆಕ್ಕವೆಲ್ಲ ತಲೆಕೆಳಗು. ಗಿರಾಕಿಗಳು ಅವರವರೇ. ಒಳಗೆ ಕಾಲಿಡುವ ಮೊದಲೇ ‘ಹೊಸದೇನು ಬಂದಿದೆ?’ ಅಂತ ಕೇಳುವವರು. ಈಗ ಹಳೇ ಮುಖಗಳಿಗೆ ಹೊಸ ಜಾದೂ ಹುಡುಕಬೇಕು. ಮೊಲಕ್ಕೆ ಮಾತ್ರ ನಿವೃತ್ತಿ.

ಇದಕ್ಕಿಂತ ಪೇಚಿನದು ಇನ್ನೊಂದಿದೆ. ವೇದಿಕೆಯ ಮೇಲೆ ಪ್ರಾಣ ಹೋದರೂ ಬಿಟ್ಟುಕೊಡದ ಗುಟ್ಟನ್ನು ಗಲ್ಲಾದ ಮುಂದೆ ರಸೀದಿ ಹರಿದು ಕೊಡಬೇಕು. ಪ್ರಾಣ ಹೋದರೂ ಅಂದದ್ದು ಬರಿಯ ಮಾತಿಗಲ್ಲ. ಚುಂಗ್ ಲಿಂಗ್ ಸೂ ಎಂಬ ಹೆಸರಿನಲ್ಲಿ ಚೀನೀಯನಾಗಿ ಮೆರೆದ ಜಾದೂಗಾರನ ನಿಜವಾದ ಹೆಸರು ವಿಲಿಯಂ ರಾಬಿನ್ಸನ್, ಊರು ಅಮೆರಿಕ. ವೇಷ ಹೊರಬೀಳಬಾರದೆಂದು ವೇದಿಕೆಯ ಮೇಲೆ ಇಂಗ್ಲಿಷ್ ಆಡುತ್ತಲೇ ಇರಲಿಲ್ಲ. 1918ರಲ್ಲಿ ಲಂಡನ್ನಿನ ವುಡ್ ಗ್ರೀನ್ ಎಂಪೈರ್‌ನಲ್ಲಿ, ಹಾರಿಸಿದ ಗುಂಡು ಹಿಡಿಯುವ ಆಟ ತಪ್ಪಿತು, ಗುಂಡು ಎದೆಗೆ ಬಿತ್ತು. ಆಗ ಪರದೆ ಇಳಿಸಿ ಎಂದು ಕೇಳಿದ್ದು ಇಂಗ್ಲಿಷಿನಲ್ಲಿ. ಮರುದಿನ ತೀರಿಕೊಂಡ. ಅಂಥವರ ಪಂಗಡದವನೇ ಇಲ್ಲಿ ‘ಇದರ ಒಳಗುಟ್ಟು ಪೊಟ್ಟಣದಲ್ಲೇ ಇದೆ, ಮನೆಗೆ ಹೋಗಿ ಓದಿಕೊಳ್ಳಿ’ ಅನ್ನುತ್ತಾ ಚಿಲ್ಲರೆ ಎಣಿಸುವುದು.

ಆ ವ್ಯಾಪಾರವನ್ನು ಹತ್ತಿರ ನಿಂತು ನೋಡಬೇಕು. ಅಂಗಡಿಯವನು ಒಂದು ಇಸ್ಪೀಟ್ ಕಟ್ಟು ತೆಗೆದು ಫರ್ರ್ ಎಂದು ಬಿಡುತ್ತಾನೆ. ಎಲ್ಲ ಬೇರೆ ಬೇರೆ ಎಲೆ. ಒಂದು ಎಲೆ ಆರಿಸಿಕೊಳ್ಳಿ, ಒಳಗಿಡಿ ಅನ್ನುತ್ತಾನೆ. ಮತ್ತೆ ಫರ್ರ್ ಎಂದರೆ, ಕಟ್ಟಿನ ತುಂಬ ನೀವು ಆರಿಸಿದ ಎಲೆಯೇ! ಹುಡುಗನೊಬ್ಬ ಕೂಡಿಟ್ಟ ದುಡ್ಡೆಲ್ಲ ಸುರಿದು ಕೊಂಡು, ಬಾಗಿಲು ದಾಟುವ ಮೊದಲೇ ಪೊಟ್ಟಣ ಒಡೆಯುತ್ತಾನೆ. ಅರ್ಧ ಎಲೆಗಳು ಒಂದೇ ತರಹ, ಉಳಿದವಕ್ಕಿಂತ ಕೂದಲೆಳೆಯಷ್ಟು ಗಿಡ್ಡ, ಒಂದು ಬಿಟ್ಟು ಒಂದು ಜೋಡಿಸಿದ್ದು. ಅಷ್ಟೇ. ಆ ಕ್ಷಣದ ಮುಖ ಅಂಗಡಿಯವನಿಗೆ ಬಾಯಿಪಾಠ. ‘ಇಷ್ಟೇನಾ?’ ಎಂದು ಹುಡುಗ ಕೇಳುವುದಿಲ್ಲ, ಹುಬ್ಬು ಕೇಳುತ್ತದೆ. ವಾಪಸ್ ಕೊಡುವ ಹಾಗೂ ಇಲ್ಲ. ಎಲೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ತಿಳಿದದ್ದನ್ನು ಹೇಗೆ ತೆಗೆದುಕೊಳ್ಳುವುದು?

ಹೀಗೆ ಕೊಂಡದ್ದರಲ್ಲಿ ಬಹುಪಾಲು ಮೇಜಿನ ಖಾನೆ ಸೇರುತ್ತದೆ. ಪೊಳ್ಳು ಹೆಬ್ಬೆರಳು, ಬಣ್ಣ ಬದಲಿಸುವ ಕರವಸ್ತ್ರ, ಬೆಂಕಿ ತಾಗಿದರೆ ಬೂದಿಯೂ ಉಳಿಯದ ಕಾಗದ. ಹವ್ಯಾಸಿ ಜಾದೂಗಾರರ ಮನೆಯಲ್ಲೆಲ್ಲ ಅಂಥ ಒಂದು ಖಾನೆ ಇದೆ. ಅಂಗಡಿಗಳು ಬದುಕಿರುವುದು ಆ ಖಾನೆಯ ದಯೆಯಿಂದ ಅಂತ ನನ್ನ ಅನುಮಾನ. ಅಭ್ಯಾಸ ಮಾಡುವವನಿಗೆ ಒಂದೇ ಕಟ್ಟು ವರ್ಷಗಟ್ಟಲೆ ಸಾಕು. ಅವನನ್ನು ನಂಬಿದರೆ ಬಾಡಿಗೆ ಹುಟ್ಟುವುದಿಲ್ಲ.

ದೊಡ್ಡವರೂ ಅಂಗಡಿಯ ಆಸೆಗೆ ಬಿದ್ದವರೇ. ನ್ಯೂಯಾರ್ಕಿನ ಮಾರ್ಟಿಂಕಾ ಅಂಗಡಿಯ ಹಿಂಬದಿಯ ಕೋಣೆಯಲ್ಲಿ 1902ರಲ್ಲಿ ಅಮೆರಿಕದ ಜಾದೂಗಾರರ ಸಂಘ ಹುಟ್ಟಿತು. ಬೀಗ, ಬೇಡಿ ಕಳಚಿಕೊಂಡು ಪಾರಾಗುವ ಆಟಕ್ಕೆ ಹೆಸರಾದ ಹೂಡಿನಿಯೇ 1919ರಲ್ಲಿ ಆ ಅಂಗಡಿಗೆ ಮಾಲೀಕನಾದ, ಸ್ವಲ್ಪ ಕಾಲಕ್ಕೆ ಬಿಟ್ಟೂ ಬಿಟ್ಟ. ಯಾವ ಬೀಗಕ್ಕೂ ಜಗ್ಗದವನು ಗಲ್ಲಾದ ಹಿಂದೆ ಎಷ್ಟು ದಿನ ಕೂತಾನು! ಆಸ್ಟ್ರೇಲಿಯಾದ ಪರ್ಸಿ ಅಬಾಟ್ ಮಾತ್ರ ನಾನಾ ದೇಶ ಸುತ್ತಿ, ಮಿಷಿಗನ್ನಿನ ಕೊಲೊನ್ ಎಂಬ ಪುಟ್ಟ ಊರಿನಲ್ಲಿ ನೆಲೆ ನಿಂತು ಜಾದೂ ಸಾಮಾನು ತಯಾರಿಸತೊಡಗಿದ. ಅಲ್ಲಿಗೆ ಈಗಲೂ ಜಾದೂಗಾರರು ಜಾತ್ರೆಯಂತೆ ಸೇರುತ್ತಾರೆ.

ತಿರುಗಾಟದ ಸುಖ ಹೇಳುವವರು ಸಾಮಾನಿನ ಮಾತೆತ್ತುವುದಿಲ್ಲ. ಅಮೆರಿಕದ ಜಾದೂಗಾರ ಹೋವರ್ಡ್ ಥರ್ಸ್ಟನ್ ತಂಡದ ಸರಕಿಗೆ ಎಂಟು ರೈಲು ಡಬ್ಬಿ ಬೇಕಾಗುತ್ತಿತ್ತು. ಗಾಳಿಯಿಂದ ಪಾರಿವಾಳ ತೆಗೆಯುವವನು ಆ ಪಾರಿವಾಳದ ಕಾಳು, ಗೂಡು, ಹಿಕ್ಕೆ ಎಲ್ಲವನ್ನೂ ಗಾಡಿಯಲ್ಲೇ ಸಾಗಿಸಬೇಕು. ನಮ್ಮ ಪಿ. ಸಿ. ಸರ್ಕಾರ್ 1971ರ ಜನವರಿಯಲ್ಲಿ ತೀರಿಕೊಂಡದ್ದೂ ಜಪಾನಿನ ಪ್ರವಾಸದಲ್ಲೇ, ಕೊರೆಯುವ ಚಳಿಯ ಹೊಕ್ಕೈಡೊದಲ್ಲಿ.

ಅಂಗಡಿಯವನಿಗೂ ಒಮ್ಮೊಮ್ಮೆ ಪ್ರದರ್ಶನಕ್ಕೆ ಕರೆ ಬರುತ್ತದೆ, ಪ್ರೇಕ್ಷಕನಾಗಿ. ವೇದಿಕೆಯ ಮೇಲೆ ತನ್ನದೇ ಗಿರಾಕಿ, ಕೈಯಲ್ಲಿ ತಾನೇ ಮಾರಿದ ಸಾಮಾನು. ಆ ಸಭೆಯಲ್ಲಿ ಬೆರಗಾಗಲು ಬರದವನು ಇವನೊಬ್ಬನೇ, ಆದರೂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಾನೆ. ಪಕ್ಕದವರು ‘ಹೇಗೆ ಮಾಡಿದ್ರು ಅಂತೀರಿ?’ ಅಂತ ಕೇಳಿದರೆ ತಲೆಯಾಡಿಸಿ, ‘ಏನೋಪ್ಪ, ನಂಗೂ ಗೊತ್ತಾಗ್ಲಿಲ್ಲ’ ಅನ್ನುತ್ತಾನೆ.