ಮರಳು ಸಮ ಮಾಡೋಕೆ ಮುಂಚೆ ಬಾಯಿ ಬಿಡಿ ಸಾ

ಮಂಡ್ಯ ಕಡೆಯ ಒಂದು ತಾಲ್ಲೂಕು ಕ್ರೀಡಾಕೂಟ ನೋಡ್ಕೊಂಡು ಈಗಷ್ಟೇ ಬಂದು ಕೂತಿದ್ದೀನಿ. ತಾಲ್ಲೂಕಿನ ಹೆಸರು ಬೇಡ, ಶಾಲೆಯದ್ದಂತೂ ಬೇಡವೇ ಬೇಡ. ಬಾಲಕಿಯರ ಉದ್ದ ಜಿಗಿತ. ಒಬ್ಬ ಹುಡುಗಿ ಸೊಗಸಾಗಿ ಹಾರಿದಳು, ತೀರ್ಪುಗಾರರು ಫೌಲ್ ಅಂತ ಕೆಂಪು ಬಾವುಟ ಎತ್ತಿದರು. "ಸಾ, ಗೆರೆ ದಾಟಿಲ್ಲ ಸಾ" ಅಂತ ಅವಳು ತಿರುಗೋಷ್ಟರಲ್ಲಿ ಗುಂಡಿ ಹತ್ತಿರದ ಹುಡುಗರು ಮರಳು ಎಳೆದು ಸಮ ಮಾಡಿ ಆಗಿತ್ತು. ಅವಳ ಪಿ.ಟಿ. ಮೇಷ್ಟ್ರು ಶಾಮಿಯಾನದ ಕೆಳಗೆ, ಎಮ್ಮೆಲ್ಲೆ ಎಷ್ಟೊತ್ತಿಗೆ ಬರ್ತಾರೆ ಅನ್ನೋ ಚರ್ಚೆಯಲ್ಲಿದ್ದರು. ಆಮೇಲೆ ಬಂದು ಹೇಳಿದ್ದು, "ಹೋಗ್ಲಿ ಬುಡವ್ವ, ಮುಂದಿನ್ ವರ್ಷ ನೋಡ್ಕಳವ." ಹತ್ತನೇ ಕ್ಲಾಸಿನ ಹುಡುಗಿಗೆ ಹೈಸ್ಕೂಲಲ್ಲಿ ಮುಂದಿನ ವರ್ಷ ಯಾವುದು ಸ್ವಾಮಿ?

ಫೌಲ್ ಕೊಟ್ಟ ತಕ್ಷಣ ಆಟಗಾರರೇ ಬಾಯಿಮಾತಲ್ಲಿ ಆಕ್ಷೇಪಿಸಬಹುದು ಅಂತ ಅಥ್ಲೆಟಿಕ್ಸ್ ನಿಯಮದಲ್ಲೇ ಇದೆ. ಆಗ ರೆಫ್ರಿ (ತೀರ್ಪುಗಾರರ ಮೇಲಿನ ಅಧಿಕಾರಿ) ಆ ಜಿಗಿತವನ್ನ ಅಳೆಸಿ 'ಆಕ್ಷೇಪಣೆಯಲ್ಲಿದೆ' ಅಂತ ಬರೆಸಿಕೊಳ್ಳಬಹುದು, ತೀರ್ಮಾನ ಆಮೇಲೆ. ಆದರೆ ಮರಳಿನಲ್ಲಿ ಗುರುತೇ ಇಲ್ಲದಿದ್ದರೆ ಟೇಪು ಎಲ್ಲಿಗೆ ಹಿಡೀತೀರಿ? ಮೇಷ್ಟ್ರು ಹಗ್ಗದ ಆಚೆ ಇರೋದರಿಂದ ಆ ನಾಲ್ಕು ಸೆಕೆಂಡಿನ ಕೆಲಸ ಹುಡುಗಿಯೇ ಮಾಡಬೇಕು. ಗುಂಡಿಯಿಂದ ಮುಂದಕ್ಕೆ ಹೊರಗೆ ಬಾ, ಕೈ ಎತ್ತು, "ಪ್ರೊಟೆಸ್ಟ್ ಸಾ, ಅಳೀರಿ" ಅನ್ನು. ಇದನ್ನ ರನ್‌ಅಪ್ ಕಲಿಸೋ ದಿನವೇ ಕಲಿಸಬೇಕು. ಗೆರೆಯ ನಿಯಮ 2021ರ ನವೆಂಬರ್‌ನಿಂದ ಬದಲಾಗಿರೋದನ್ನೂ ಹೇಳಿಕೊಡಬೇಕು. ಈಗ ಗೆರೆ ಆಚೆಯ ಮಣ್ಣಿಗೆ ಕಾಲು ತಾಗಬೇಕು ಅಂತಿಲ್ಲ, ನೆಗೆಯೋವಾಗ ಹೆಬ್ಬೆರಳು ಗೆರೆಯ ಮೇಲಿನ ಗಾಳಿಯಲ್ಲಿ ಆಚೆ ಚಾಚಿದರೂ ಫೌಲೇ. ಹಳೇ ನಿಯಮ ತಲೆಯಲ್ಲಿಟ್ಟುಕೊಂಡು ವಾದಕ್ಕೆ ನಿಂತರೆ ಮೇಷ್ಟ್ರ ಮಾನವೇ ಹೋಗೋದು.

ಉಳಿದದ್ದೆಲ್ಲ ಮೇಷ್ಟ್ರ ಪಾಲಿನದು. ಫಲಿತಾಂಶ ಅಧಿಕೃತವಾಗಿ ಘೋಷಣೆಯಾದ 30 ನಿಮಿಷದೊಳಗೆ ಅವರು ಹುಡುಗಿ ಪರವಾಗಿ ರೆಫ್ರಿ ಹತ್ತಿರ ಹೋಗಬಹುದು. ಅಲ್ಲಿ ಆಗಲಿಲ್ಲ ಅಂದ್ರೆ ಮತ್ತೆ 30 ನಿಮಿಷದೊಳಗೆ ಬರವಣಿಗೆಯಲ್ಲಿ ಮೇಲ್ಮನವಿ. ಒಂದು ಬಿಳಿ ಹಾಳೆ, ಒಂದು ಪೆನ್ನು, ನಿಯಮದಲ್ಲಿ ಹೇಳಿದ ಠೇವಣಿ ಇದ್ದರೆ ಸಾಕು. ಊಟದ ಕ್ಯೂನಲ್ಲಿ ಗೊಣಗಿದರೆ ಅದು ಮೇಲ್ಮನವಿ ಆಗಲ್ಲ.

ಇನ್ನೊಂದು ಪ್ರತಿ ಕೂಟದ ಗೋಳು. 800 ಮೀಟರ್ ಓಟ, ಉದ್ದ ಜಿಗಿತ ಎರಡಕ್ಕೂ ಒಂದೇ ಹೊತ್ತಿಗೆ ಮೈಕಲ್ಲಿ ಕರೀತಾರೆ. ಮಗು ಕಂಗಾಲಾಗಿ ಒಂದನ್ನ ಕೈಬಿಡುತ್ತೆ. ಬಿಡಬೇಕಾಗಿಲ್ಲ ಕಣ್ರೀ! ಮೊದಲೇ ಹೋಗಿ ಕೇಳಿದರೆ ಉದ್ದ ಜಿಗಿತದ ಆ ಸುತ್ತಿನಲ್ಲಿ ಅವಳ ಸರದಿ ಹಿಂದೆ ಮುಂದೆ ಮಾಡಿಕೊಡೋ ಅಧಿಕಾರ ರೆಫ್ರಿಗಿದೆ. ಕೊನೇ ಸುತ್ತಿಗೆ ಮಾತ್ರ ಆ ಸೌಲಭ್ಯ ಇಲ್ಲ. ಕೇಳದೆ ಹೋದರೆ ಆ ಜಿಗಿತವನ್ನ 'ಪಾಸ್', ಅಂದ್ರೆ ಅವಳೇ ಬಿಟ್ಟುಕೊಟ್ಟಳು ಅಂತ ಬರೀತಾರೆ. ಅಲ್ಲಿಗೆ ಮುಗೀತು.

ಕಬಡ್ಡಿ ಅಂಕಣದಲ್ಲಿ ಇನ್ನೂ ಕೆಟ್ಟದ್ದು ಕಾಣುತ್ತೆ. ಬೆಂಚಿನಲ್ಲಿ ಐದು ಜನ ಬದಲಿ ಆಟಗಾರರು ಕೂತಿರ್ತಾರೆ, ಒಂದು ಅರ್ಧಕ್ಕೆ 30 ಸೆಕೆಂಡಿನ ಎರಡು ಟೈಮ್‌ಔಟ್ ಇರುತ್ತೆ, ಆದರೂ ಉಳುಕಿದ ಪಾದಕ್ಕೆ ಸ್ಪ್ರೇ ಹೊಡೆದು "ಏಯ್, ಏನಾಗಿಲ್ಲ ಹೋಗು" ಅಂತ ಮತ್ತೆ ರೈಡ್‌ಗೆ ಕಳಿಸ್ತಾರೆ. ಸ್ಪ್ರೇ ಚರ್ಮವನ್ನ ತಣ್ಣಗೆ ಮಾಡಿ ನೋವು ಮರೆಸುತ್ತೆ ಅಷ್ಟೇ, ಒಳಗೆ ಹರಿದ ಲಿಗಮೆಂಟ್ ಹರಿದೇ ಇರುತ್ತೆ. ಆ ಕಾಲಲ್ಲಿ ನಾಲ್ಕು ಹೆಜ್ಜೆ ಊರಿ ನಡೆಯೋಕಾಗಲ್ಲ ಅಂದ್ರೆ ಎಕ್ಸ್‌ರೇಗೆ ಕರ್ಕೊಂಡು ಹೋಗಬೇಕು. ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಮಂಕಾದ ಹುಡುಗ ಅವತ್ತು ಮತ್ತೆ ಅಂಕಣಕ್ಕೆ ಇಳೀಲೇಬಾರದು. "ಆಡ್ತೀನಿ ಸಾ" ಅಂತ ಅವನೇ ಅಂಗಲಾಚಿದರೂ ಬೇಡ. ಮಕ್ಕಳ ಪರ ನಿಲ್ಲೋದು ಅಂದ್ರೆ ಕೆಲವು ಸಲ ಮಕ್ಕಳ ಮಾತಿಗೇ ಇಲ್ಲ ಅನ್ನೋದು.

ಈಗ ನನ್ನ ಗೆಳೆಯ ಮೇಷ್ಟ್ರುಗಳು ಕಾಮೆಂಟಲ್ಲಿ ಬರ್ತಾರೆ: "ನಮ್ಮನ್ನೇ ತೀರ್ಪುಗಾರರನ್ನಾಗಿ ಹಾಕ್ತಾರೆ, ಚುನಾವಣೆ ಡ್ಯೂಟಿನೂ ನಮಗೇ, ಎಷ್ಟೋ ಶಾಲೆಗೆ ಪಿ.ಟಿ. ಮೇಷ್ಟ್ರೇ ಇಲ್ಲ." ಒಪ್ಪಿದೆ, ಮೂರೂ ನಿಜ. ನೀವು ಸೀಟಿ ಹಿಡಿದಿದ್ದರೆ ತಂಡದ ಜೊತೆ ಇನ್ನೊಬ್ಬ ಶಿಕ್ಷಕರನ್ನ ಕಳಿಸಿ ಅಂತ ಎಚ್.ಎಂ. (ಮುಖ್ಯಶಿಕ್ಷಕರ) ಹತ್ತಿರ ಬರೆಸಿಕೊಳ್ಳಿ. ಹೆಣ್ಣುಮಕ್ಕಳ ತಂಡವಾದರೆ ಮೇಡಂ ಒಬ್ಬರು ಇರಲೇಬೇಕು. ಮುಟ್ಟಿನ ಹೊಟ್ಟೆನೋವನ್ನ ನಿಮ್ಮ ಹತ್ತಿರ ಯಾವ ಹುಡುಗಿ ಹೇಳ್ತಾಳೆ? ಸುಮ್ನೆ ಆಡಿ, ಸೋತು, ಬೈಸಿಕೊಳ್ತಾಳೆ. "ರೆಫ್ರಿಗೆ ಎದುರು ಮಾತಾಡೋದು ಅಶಿಸ್ತು" ಅನ್ನೋ ಇನ್ನೊಂದು ವಾದ ಇದೆಯಲ್ಲ, ಅದಕ್ಕೆ ಉತ್ತರ ಕೊಡೋ ತಾಳ್ಮೆ ಇವತ್ತಿಲ್ಲ. ಆಕ್ಷೇಪಣೆಯೂ ನಿಯಮವೇ.

ಒಂದು ಒಪ್ಪಿಕೋಬೇಕು. ನಾನೂ ತೀರ್ಪುಗಾರರ ಮೇಜಿನ ಆಚೆ ಬದಿ ಕೂತವನೇ. ಹಾಳೆ ಹಿಡ್ಕೊಂಡು ಬರೋ ಮೇಷ್ಟ್ರನ್ನ ಕಂಡರೆ ನಮಗೆ ಮೈ ಉರಿಯುತ್ತೆ, 'ಬಂದ ನೋಡು ಕಿರಿಕ್ ಪಾರ್ಟಿ' ಅಂದ್ಕೊಳ್ತೀವಿ. ಆದರೂ ಅವರ ಶಾಲೆಯ ಮಕ್ಕಳು ಬಂದಾಗ ನಮಗೇ ಗೊತ್ತಿಲ್ಲದ ಹಾಗೆ ಕಣ್ಣು ಚುರುಕಾಗಿಬಿಡುತ್ತೆ, ಟೇಪು ಸರಿಯಾಗಿ ಬಿಗಿಯುತ್ತೆ.

ಹಾಗೇ ಎಂಟ್ರಿ ಫಾರಂ. ಹೆಸರು, ಹುಟ್ಟಿದ ತಾರೀಖು, ಸ್ಯಾಟ್ಸ್ ನಂಬರ್ (ಪ್ರತಿ ವಿದ್ಯಾರ್ಥಿಗೆ ಸರ್ಕಾರ ಕೊಡೋ ಗುರುತಿನ ಸಂಖ್ಯೆ) ಶಾಲೆಯ ದಾಖಲಾತಿ ಪುಸ್ತಕದಲ್ಲಿದ್ದ ಹಾಗೇ ಇರಬೇಕು. ಒಂದು ಇನಿಷಿಯಲ್ ಹಿಂದೆ ಮುಂದೆ ಆದರೂ ನಾಳೆ ಕ್ರೀಡಾ ಕೋಟಾಕ್ಕೆ ಸರ್ಟಿಫಿಕೇಟ್ ತೋರಿಸೋ ಹೊತ್ತಲ್ಲಿ ಅಪ್ಪ ಮಗಳು ಕಚೇರಿಯಿಂದ ಕಚೇರಿಗೆ ಅಲೀಬೇಕು. ಕೂಟದ ದಿನಗಳ ಹಾಜರಾತಿಯನ್ನ ಅದೇ ವಾರ ಹಾಕಿಸಿ. ಎಸ್ಸೆಸ್ಸೆಲ್ಸಿಗೆ ಶೇ. 75 ಬೇಕು, ಮಾರ್ಚಲ್ಲಿ ಗಣಿತದ ಮೇಷ್ಟ್ರ ಕಾಲು ಹಿಡಿಯೋ ಹಾಗಾಗಬಾರದು.

ಓದಿ ಬೇಜಾರಾದ ಮೇಷ್ಟ್ರುಗಳು ಬಂದು ಬೈಯಿರಿ, ಪರವಾಗಿಲ್ಲ. ಬರೋವಾಗ ನಿಯಮದ ಪುಸ್ತಕ ತನ್ನಿ.