ಕೈಚೀಲದಲ್ಲಿ ಎರಡು ನೋಟ್‌ಬುಕ್

ಕಳೆದ ತಿಂಗಳ ಒಂದು ಬುಧವಾರ, ಜಪಾನಿನ ಯೊಕೊಹಾಮಾದ ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಮೀಟಿಂಗ್ ಇನ್ನೂ ಅರ್ಧದಲ್ಲಿರುವಾಗಲೇ ಪಕ್ಕದಲ್ಲಿ ಕುಳಿತಿದ್ದ ಸಹೋದ್ಯೋಗಿ ಎದ್ದು ನಿಂತರು. ಇಂದು ತಂದೆಯ ಆರೈಕೆಯ ಏರ್ಪಾಡು ನೋಡಿಕೊಳ್ಳುವ ಕೇರ್ ಮ್ಯಾನೇಜರ್ ಮನೆಗೆ ಬರುವ ದಿನವೆಂದು ಹೇಳಿ, ತಲೆಬಾಗಿ ಹೊರಟೇಬಿಟ್ಟರು. ಯಾರೂ ಹುಬ್ಬೇರಿಸಲಿಲ್ಲ. ಅದೇ ವಾರದ ಸೋಮವಾರ ನಾನು ಹೊಟ್ಟೆನೋವೆಂದು ಸುಳ್ಳು ಹೇಳಿ ರಜೆ ಹಾಕಿದ್ದೆ. ನಡೆದದ್ದೇ ಬೇರೆ: ಹಿಂದಿನ ರಾತ್ರಿ ನಮ್ಮೂರು ಸಾಗರದ ಮನೆಯಲ್ಲಿ ಅಪ್ಪ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದಿದ್ದರು. ಅಲ್ಲಿ ಹನ್ನೊಂದು ಗಂಟೆಯಾದಾಗ ಇಲ್ಲಿ ಎರಡೂವರೆ; ಬೆಳಗಾಗುವವರೆಗೂ ಫೋನ್ ಹಿಡಿದು ಕುಳಿತು, ಆಮೇಲೆ ಮಗಳಿಗೆ ಊಟದ ಡಬ್ಬಿ ಕಟ್ಟಿ ಶಾಲೆಗೆ ಕಳಿಸಿದಾಗ ಕಚೇರಿಗೆ ಹೋಗುವ ಶಕ್ತಿ ಉಳಿದಿರಲಿಲ್ಲ. ಅಪ್ಪ ಬಿದ್ದರೆಂದು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಲವತ್ತಾರು ವರ್ಷದ ಗಂಡಸು ಮನೆಯ ಕಷ್ಟವನ್ನು ಕಚೇರಿಗೆ ಹೊತ್ತು ತರಬಾರದೆಂಬ ಪಾಠವನ್ನು ನಾನು ಊರಿನಿಂದಲೇ ಕಟ್ಟಿಕೊಂಡು ಬಂದಿದ್ದೇನೆ.

ಆ ಸಹೋದ್ಯೋಗಿಗೆ ನಲವತ್ತಮೂರು. ಐದು ವರ್ಷದ ಮಗನಿದ್ದಾನೆ. ಮರೆವಿನ ಕಾಯಿಲೆಯ ತಂದೆ ಜೊತೆಗೇ ಇದ್ದಾರೆ. ಒಮ್ಮೆ ರೈಲಿನಲ್ಲಿ ಅವರು ಕೈಚೀಲ ತೆರೆದಾಗ ಒಂದೇ ಅಳತೆಯ ಎರಡು ನೋಟ್‌ಬುಕ್‌ಗಳು ಕಂಡವು. ಒಂದು ಶಿಶುವಿಹಾರದ್ದು, ಇನ್ನೊಂದು ತಂದೆ ವಾರಕ್ಕೆ ಮೂರು ದಿನ ಹೋಗುವ, ಹಿರಿಯರನ್ನು ಹಗಲು ನೋಡಿಕೊಳ್ಳುವ ಡೇ ಸರ್ವಿಸ್‌ನದ್ದು. ಎರಡಕ್ಕೂ ಇಲ್ಲಿ ಹೆಸರು ಒಂದೇ, ರೆನ್ರಾಕುಚೊ, ಅಂದರೆ ಮನೆಗೂ ಅಲ್ಲಿಗೂ ಸುದ್ದಿ ಮುಟ್ಟಿಸುವ ಪುಸ್ತಕ. ಮಗನದ್ದರಲ್ಲಿ ಮೈಬಿಸಿ ಎಷ್ಟಿತ್ತು, ಊಟ ಎಷ್ಟು ಸೇರಿತು, ಎಷ್ಟು ಹೊತ್ತು ಮಲಗಿದ ಎಂದು ಬರೆದಿದ್ದರೆ, ತಂದೆಯದ್ದರಲ್ಲಿ ರಕ್ತದೊತ್ತಡ, ಸ್ನಾನ, ಮತ್ತು "ಇಂದು ಹಾಡು ಹೇಳಿದರು" ಎಂಬ ಒಂದು ಸಾಲು. ಬೆಳಿಗ್ಗೆ ಎಂಟೂ ನಲವತ್ತಕ್ಕೆ ಬಿಳಿ ವ್ಯಾನ್ ಬಂದು ತಂದೆಯನ್ನು ಕರೆದೊಯ್ಯುತ್ತದೆಂದೂ, ಅದು ಐದು ನಿಮಿಷ ತಡವಾದರೆ ತನ್ನ ದಿನವೆಲ್ಲ ತಡವೆಂದೂ ಅವರು ನಗುತ್ತ ಹೇಳಿದ್ದರು.

ಮಕ್ಕಳು ಮತ್ತು ಮುದುಕರು ಒಟ್ಟಿಗೇ ಹೆಗಲೇರುವ ಈ ಸ್ಥಿತಿಗೆ ಇಲ್ಲಿ "ಡಬಲ್ ಕೇರ್" ಎಂಬ ಹೆಸರೇ ಇದೆ. ಹೆಸರಿಟ್ಟದ್ದರಿಂದ ಭಾರ ಇಳಿಯುವುದಿಲ್ಲ, ನಿಜ, ಆದರೆ ಹೆಸರಿರುವ ಕಷ್ಟವನ್ನು ಅರ್ಜಿಯಲ್ಲಿ ಬರೆಯಬಹುದು. 2000ದಲ್ಲಿ ಇಲ್ಲಿ ಹಿರಿಯರ ಆರೈಕೆಗೆ ನೆರವಾಗುವ ಆರೈಕೆ ವಿಮೆ ಜಾರಿಗೆ ಬಂತು. ನಲವತ್ತು ತುಂಬಿದವರೆಲ್ಲ, ನನ್ನಂಥ ಪರದೇಶದವರೂ ಸೇರಿ, ಅದಕ್ಕೆ ಹಣ ಕಟ್ಟಬೇಕು. ನಲವತ್ತಾದ ವರ್ಷ ನನ್ನ ಸಂಬಳದ ಚೀಟಿಯಲ್ಲಿ ಹೊಸದೊಂದು ಕಡಿತ ಕಂಡು ನಾನು ಗೊಣಗಿದ್ದುಂಟು. ಮನೆಯ ಹಿರಿಯರನ್ನು ನೋಡಿಕೊಳ್ಳಲು, ಒಬ್ಬೊಬ್ಬ ಹಿರಿಯರ ಲೆಕ್ಕದಲ್ಲಿ ಒಟ್ಟು 93 ದಿನಗಳ ರಜೆಯಿದೆ. ಮೂರು ಕಂತುಗಳಲ್ಲಿ ತೆಗೆದುಕೊಳ್ಳಬಹುದು, ಸಂಬಳದ ಶೇಕಡಾ 67ರಷ್ಟನ್ನು ಉದ್ಯೋಗ ವಿಮೆ ಭರಿಸುತ್ತದೆ. ಆ ರಜೆ ಇರುವುದು ನೀವೇ ಮೂರು ತಿಂಗಳು ಸೇವೆ ಮಾಡಲೆಂದಲ್ಲ, ಸೇವೆಗೆ ಜನರನ್ನು ಗೊತ್ತುಮಾಡಿ ಕೆಲಸಕ್ಕೆ ಮರಳಲೆಂದು ಎಂಬುದನ್ನು ನಮ್ಮ ಕಚೇರಿಯವರು ಎರಡೆರಡು ಸಲ ಒತ್ತಿ ಹೇಳಿದರು. ನನಗೆ ಹಿಡಿಸಿದ್ದು ಆ ಮಾತು.

ಇನ್ನು ನಮ್ಮ ಮನೆ. ಎರಡು ವರ್ಷದ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಬಡಿದಾಗಿನಿಂದ ಎಲ್ಲವನ್ನೂ ನಡೆಸಿಕೊಂಡು ಹೋಗುತ್ತಿರುವವರು ಅತ್ತಿಗೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವರು ನಾಲ್ಕೂವರೆಗೆ ಎದ್ದು ದೋಸೆ ಹೊಯ್ದು, ಅಪ್ಪನ ಬಟ್ಟೆ ಬದಲಿಸಿ, ಪಿಯುಸಿ ಓದುವ ಮಗಳನ್ನು ಎಬ್ಬಿಸಿ, ಅಮ್ಮನ ಮಂಡಿಗೆ ಎಣ್ಣೆ ಹಚ್ಚಿ ಶಾಲೆಯ ಬಸ್ಸು ಹಿಡಿಯುತ್ತಾರೆ. ಅಣ್ಣ ಕೆಟ್ಟವನಲ್ಲ. ಆದರೆ ಅಪ್ಪನ ಮಾತ್ರೆ ಎಷ್ಟು ಹೊತ್ತಿಗೆ ಎಂದು ಕೇಳಿದರೆ, "ಅವಳನ್ನ ಕೇಳು" ಎನ್ನುತ್ತಾನೆ. ನಲವತ್ತೈದಕ್ಕೇ ಅತ್ತಿಗೆಗೆ ಬಿಪಿ ಮಾತ್ರೆ ಶುರುವಾಗಿದೆ. ಹೋಂ ನರ್ಸ್ ಇಡೋಣ, ಖರ್ಚು ನನ್ನದು ಎಂದು ನಾನು ಹೇಳಿದಾಗ ಚಿಕ್ಕಪ್ಪ, "ಮನೇಲಿ ಸೊಸೆ ಇಟ್ಕೊಂಡು ಹೊರಗಿನವರ ಕೈಲಿ ಸ್ನಾನ ಮಾಡಿಸೋದಾ? ನಾಲ್ಕು ಜನ ಏನಂದಾರು?" ಎಂದರು. ಆ ನಾಲ್ಕು ಜನರಲ್ಲಿ ಒಬ್ಬರಾದರೂ ಅತ್ತಿಗೆಯನ್ನು "ನಿನಗೆ ಸಾಕಾಗಿದೆಯಾ" ಎಂದು ಕೇಳಿದ್ದು ನನಗೆ ಗೊತ್ತಿಲ್ಲ. ತಂದೆತಾಯಿಯರ ಪೋಷಣೆಗೆಂದು ನಮ್ಮಲ್ಲೂ 2007ರ ಕಾಯ್ದೆಯಿದೆ. ಕೈಬಿಟ್ಟ ಮಕ್ಕಳಿಂದ ಜೀವನಾಂಶ ವಸೂಲು ಮಾಡುವ ಆ ಕಾನೂನಿಗೆ, ಕೈಬಿಡದೆ ಬಳಲಿದ ಸೊಸೆಯರು ಕಣ್ಣಿಗೇ ಬಿದ್ದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದೆಂದು ನಾನು ಹೇಳಿದಾಗ ಅತ್ತಿಗೆ ನಕ್ಕು, "ನಂಗೇನು ಹುಚ್ಚಾ?" ಎಂದು ಕುಕ್ಕರಿನ ಕಡೆ ತಿರುಗಿದರು.

ದೂರದಿಂದ ಹಣ ಕಳಿಸಿ ಉಪದೇಶ ಮಾಡುವವನಿಗೆ ಇಷ್ಟೆಲ್ಲ ಸಿಟ್ಟು ಶೋಭಿಸುವುದಿಲ್ಲ ಎಂಬುದು ನನಗೂ ಗೊತ್ತು. ಇಷ್ಟು ವ್ಯವಸ್ಥೆಯಿದ್ದೂ ಹಿರಿಯರ ಆರೈಕೆಗಾಗಿ ಜಪಾನಿನಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಜನ ಕೆಲಸ ಬಿಡುತ್ತಾರೆ ಎನ್ನುವುದನ್ನೂ, ಒಂಟಿಯಾಗಿ ಸತ್ತು ಯಾರ ಗಮನಕ್ಕೂ ಬಾರದೆ ಉಳಿಯುವ ಮುದುಕರ ಸಾವಿಗೆ ಇಲ್ಲಿನವರು ಒಂದು ಪದವನ್ನೇ ಮಾಡಿಕೊಂಡಿದ್ದಾರೆ ಎನ್ನುವುದನ್ನೂ ಮುಚ್ಚಿಡಲಾರೆ.

ಕೊನೆಗೊಂದು ದಿನ ಊಟದ ಹೊತ್ತಿನಲ್ಲಿ ಹೊಟ್ಟೆನೋವಿನ ಸುಳ್ಳನ್ನು ಆ ಸಹೋದ್ಯೋಗಿಗೆ ಒಪ್ಪಿಸಿದೆ. ಅವರು ಸುಳ್ಳಿನ ಬಗ್ಗೆ ಏನೂ ಹೇಳದೆ, ಅಷ್ಟು ರಾತ್ರಿಯಲ್ಲಿ ತಂದೆಯನ್ನು ಎತ್ತಿದವರು ಯಾರು ಎಂದು ಕೇಳಿದರು. ಎದುರುಮನೆಯ ಇಬ್ಬರು ಹುಡುಗರು, ಶಬ್ದ ಕೇಳಿ ಬನಿಯನ್ನಿನಲ್ಲೇ ಓಡಿಬಂದ ಕಿರಾಣಿ ಅಂಗಡಿಯವರು, ಆಸ್ಪತ್ರೆಗೆ ಜೀಪು ತಂದ ಅಡಿಕೆ ವ್ಯಾಪಾರಿ, ಎರಡು ಗಂಟೆಗೆ ಎಲ್ಲರೂ ವಾಪಸು ಬರುವವರೆಗೆ ಅಮ್ಮನ ಪಕ್ಕದಲ್ಲೇ ಕುಳಿತಿದ್ದ ಹಿಂದಿನ ಮನೆಯ ಅಜ್ಜಿ ಎಂದು ನಾನು ಎಣಿಸುತ್ತ ಹೋದೆ. ಅವರು ಚಾಪ್‌ಸ್ಟಿಕ್ ಕೆಳಗಿಟ್ಟು, ತಮ್ಮ ಮನೆಯಲ್ಲಿ ರಾತ್ರಿ ವ್ಯಾನ್ ಬರುವುದಿಲ್ಲ, ತಾವೊಬ್ಬರೇ ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವರಿಗೆಲ್ಲ ಎಷ್ಟು ಕೊಡಬೇಕಾಯಿತು?" ಎಂದು ಕೇಳಿದರು.

ಏನೂ ಇಲ್ಲ ಎಂದೆ. ಆ ಹೊತ್ತಿನಲ್ಲಿ ಅವರೆಲ್ಲರಿಗೂ ಕಾಫಿ ಮಾಡಿಕೊಟ್ಟು, ಲೋಟ ತೊಳೆದಿಟ್ಟು, ನಾಲ್ಕೂವರೆಗೆ ಮತ್ತೆ ಎದ್ದವರು ಅತ್ತಿಗೆ ಎಂಬುದು ಸಂಜೆ ರೈಲಿನಲ್ಲಿ ನೆನಪಾಯಿತು.